ಕೆರೆ ಬಂಗಲೆಯ ಕ್ಯಾಂಪು

ನಮ್ಮ ಊರ ಕೆರೆಯ ಹಿಂದೆ ಒಂದು ಹೆಂಚಿನ ಬಂಗಲೆ ಇತ್ತು. ಅದರಲ್ಲಿದ್ದ ದೊರೆಸಾನಿ ಮುದುಕಿ ಸತ್ತ ಮೇಲೆ ಬಾವಲಿಗಳು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ವೈಟ್‌ಫೀಲ್ಡ್ ಸ್ಟೇಷನ್ನಿನಿಂದ ನೀಲಗಿರಿ ತೋಪಿನ ಒಳಗೆ ನಡೆದು ಬಂದರೆ ಮೊದಲು ಬಂಗಲೆ, ಆಮೇಲೆ ಕೆರೆ, ಆಮೇಲೆ ನಮ್ಮ ಊರು. ಒಂದು ವರ್ಷ ಬೆಂಗಳೂರಿನಿಂದ ಕೆಲವರು ಬಂದು ಬಂಗಲೆಗೆ ಸುಣ್ಣ ಹೊಡೆಸಿದರು. ಕೆರೆಯ ಆ ಕಡೆಯ ದಂಡೆಯನ್ನೂ ಮರಗಳನ್ನೂ ಸೇರಿಸಿ ಸುತ್ತ ಮುಳ್ಳುತಂತಿ ಎಳೆಸಿದರು. ಇಂಗ್ಲಿಷಿನಲ್ಲಿ ಬೋರ್ಡು ಹಾಕಿದರು. ಅದರಲ್ಲಿ ರಿಸರ್ವ್ ಅಂತ ಬರೆದಿದೆ ಎಂದು ಓದಿದವರು ಹೇಳಿದರು. ನಮಗೆ ಗೊತ್ತಿದ್ದ ರಿಸರ್ವ್ ಎಂದರೆ ಪೊಲೀಸು. ಫ್ಯಾಕ್ಟರಿ ಗೇಟಿನ ಮುಂದೆ ಗಲಾಟೆಯಾದರೆ ವ್ಯಾನಿನಲ್ಲಿ ಬಂದು ಇಳಿಯುವವರು. ಊರ ಗಂಡಸರು ಎಷ್ಟೋ ದಿನ ಆ ಕಡೆ ಬಯಲಿಗೂ ಹೋಗಲಿಲ್ಲ.

ಪೊಲೀಸರು ಬರಲಿಲ್ಲ. ಒಬ್ಬ ಮೇಡಂ ಬಂದರು. ಗಂಡಸರ ಹಾಗೆ ಬೂಟು, ಮೇಲೆ ಹತ್ತಿ ಸೀರೆ. ಅಡುಗೆಗೆ ಹೆಂಗಸು ಬೇಕು ಎಂದು ಊರಲ್ಲಿ ವಿಚಾರಿಸಿದರು. ನನ್ನ ಗಂಡ ಸತ್ತು ಬಹಳ ವರ್ಷವಾಗಿತ್ತು. ಕೂಲಿ ದಿನಾ ಸಿಗುತ್ತಿರಲಿಲ್ಲ. ನಾನು ಹೋಗಿ ನಿಂತೆ. ಅವರು ಅಡುಗೆ ವಿಚಾರ ಏನೂ ಕೇಳದೆ, "ಈ ಕೆರೆ ಹತ್ರ ಹಕ್ಕಿ ಜಾಸ್ತಿ ಬರುತ್ತಾಮ್ಮ?" ಎಂದರು.

"ಅಕ್ಕಿ ಎಲ್ಲಿ ಬರ್ತದೆ ಮೇಡಂ, ರಾಗಿನೇ ಸಾಲ್ದು. ಸೊಸೈಟೀಲಿ ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ."

ಮೇಡಂ ಕನ್ನಡಕ ತೆಗೆದರು. "ಸೊಸೈಟಿ? ಇಲ್ಲಿ ಆಗ್ಲೇ ಒಂದು ಹಕ್ಕಿ ಸೊಸೈಟಿ ಇದೆಯಾ?"

"ಇಲ್ದೆ ಏನು? ಮಂಗಳವಾರ ಬಾಗ್ಲು ತೆಗೀತಾರೆ. ಬರೀ ಕಲ್ಲು."

ನಮ್ಮ ಬಾಯಲ್ಲಿ ಹಾರುವುದೂ ಅಕ್ಕಿಯೇ, ಬೇಯುವುದೂ ಅಕ್ಕಿಯೇ. ಅವರ ಬಾಯಲ್ಲಿ ಬೇರೆ ಬೇರೆ ಎನ್ನುವುದು ನನಗೆ ತಿಳಿಯಲು ಸಮಯ ಹಿಡಿಯಿತು. ಕೆಲಸ ಮಾತ್ರ ಸಿಕ್ಕಿತು.

ಸಿಟಿಯ ಜನ ಬಂಗಲೆಗೆ ಬರುತ್ತಿದ್ದುದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಫ್ಯಾನು, ಮಂಚ, ನಲ್ಲಿ ನೀರು ಇರುವ ಜನ. ಶನಿವಾರ ರೈಲಿಳಿದು, ಗಂಟುಮೂಟೆ ಹೊತ್ತುಕೊಂಡು ಬಂದು, ಖಾಕಿ ಟೆಂಟು ಹೊಡೆದು ನೆಲದ ಮೇಲೆ ಮಲಗುತ್ತಿದ್ದರು. ಬೆಳಕಾಗುವ ಮೊದಲೇ ಎದ್ದು ಕಳ್ಳರ ಹಾಗೆ ಹೆಜ್ಜೆ ಇಟ್ಟುಕೊಂಡು ಪೊದೆ ಪೊದೆಯಲ್ಲಿ ದುರ್ಬೀನು ಹಾಕಿ ಇಣುಕುತ್ತಿದ್ದರು. ನಾನು ಪಾತ್ರೆ ಇಟ್ಟರೆ ಸದ್ದಾಯಿತು ಎಂದು ಬಾಯಿ ಮೇಲೆ ಬೆರಳಿಡುತ್ತಿದ್ದರು. ಪಾತ್ರೆ ಸದ್ದು ಮಾಡದೆ ಅನ್ನ ಹೇಗೆ ಬೇಯುತ್ತದೆ? ಹಳ್ಳಿ ಊಟವೇ ಬೇಕು ಎಂದು ಹಠ ಹಿಡಿದು, ಮುದ್ದೆ ಹಾಕಿದರೆ ಅದನ್ನು ಚಪಾತಿಯ ಹಾಗೆ ಅಗಿದು ಅಗಿದು ಹಲ್ಲಿಗೆ ಅಂಟಿಸಿಕೊಂಡು ಕೂರುತ್ತಿದ್ದರು. ಒಂದು ಸಲ ಒಂದು ಫ್ಯಾಕ್ಟರಿಯವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಸ್ಸು ಮಾಡಿಕೊಂಡು ಬಂದರು. ಅವರಿಗೆ ಮೇಡಂ ಪರದೆ ಕಟ್ಟಿ ಹಕ್ಕಿ ಚಿತ್ರ ತೋರಿಸಿದರು. ಹೊರಗೆ ಕೆರೆಯಲ್ಲಿ ಅದೇ ಹಕ್ಕಿ ಕೂತಿತ್ತು. ಎಲ್ಲರೂ ಅದಕ್ಕೆ ಬೆನ್ನು ಹಾಕಿ ಪರದೆ ನೋಡಿದರು.

ಇದಕ್ಕೆಲ್ಲ ಅವರು ಕ್ಯಾಂಪ್ ಎನ್ನುತ್ತಿದ್ದರು. ಈ ಶನಿವಾರ ಕ್ಯಾಂಪ್ ಇದೆ, ಮುಂದಿನ ಶನಿವಾರ ಇಲ್ಲ, ಹೀಗೆ. ನಮ್ಮ ಕಡೆ ಆಗ ಕ್ಯಾಂಪ್ ಎಂದರೆ ಒಂದೇ. ಎಮರ್ಜೆನ್ಸಿ ಮುಗಿದು ಬಹಳ ಕಾಲ ಆಗಿರಲಿಲ್ಲ. ಆಪರೇಷನ್ ಕ್ಯಾಂಪಿಗೆ ಜೀಪು ಬಂದರೆ ಗಂಡಸರು ರಾಗಿ ಹೊಲದಲ್ಲಿ ಅವಿತುಕೊಂಡಿದ್ದು ಎಲ್ಲರಿಗೂ ನೆನಪಿತ್ತು. ಆಪರೇಷನ್ ಮಾಡಿಸಿಕೊಂಡ ಹೆಂಗಸರನ್ನು ಸಾಲಾಗಿ ಮಲಗಿಸುತ್ತಿದ್ದರು. ಆಮೇಲೆ ಮಕ್ಕಳಾಗುವುದಿಲ್ಲ. ಕಳಿಸುವಾಗ ಬಕೀಟೋ ಕಂಬಳಿಯೋ ಕೊಡುತ್ತಿದ್ದರು. ನಾನೂ ಅದನ್ನು ಕಂಡವಳೇ. ಆದರೆ ಬಂಗಲೆಯಲ್ಲಿ ದಿನಾ ಅದೇ ಮಾತು ಕೇಳಿ ಕೇಳಿ, ಕ್ಯಾಂಪ್ ಎಂದರೆ ನನಗೆ ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸುವುದು ಎಂದಷ್ಟೇ ಆಗಿಬಿಟ್ಟಿತ್ತು.

ಆ ವರ್ಷ ನನ್ನ ಮಗಳ ಮದುವೆ ಗೊತ್ತಾಗಿತ್ತು. ಒಬ್ಬಳೇ ಮಗಳು. ಹುಡುಗ ಲಗ್ಗೆರೆಯವನು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತು ಕೆಲಸ. ಹುಡುಗನ ತಾಯಿ ನನ್ನ ಹಾಗೆ ಗಂಡನಿಲ್ಲದವಳು. ಅವಳ ತಮ್ಮ, ಎಂದರೆ ಹುಡುಗನ ಸೋದರಮಾವ, ಆ ಮನೆಗೆ ದೊಡ್ಡವನು. ಅವನು ಹೂಂ ಎಂದರೆ ಹೂಂ. ತಾಂಬೂಲ ಬದಲಾಯಿಸಿದ್ದೂ ಆಗಿತ್ತು. ಸುಗ್ಗಿ ಮುಗಿದ ಮೇಲೆ ಮದುವೆ, ಸಂಕ್ರಾಂತಿಗೆ ಹುಡುಗಿಗೆ ಎಳ್ಳು ಬೆಲ್ಲ, ಸೀರೆ ತರುತ್ತೇವೆ ಎಂದು ಹೇಳಿ ಹೋಗಿದ್ದರು. ನನ್ನ ಮಗಳು ಹುಡುಗನನ್ನು ಒಂದೇ ಸಲ ನೋಡಿದ್ದು. ಕೇಳಿದರೆ, "ಮೂಗು ವಸಿ ದಪ್ಪ" ಎಂದಳು. ಒಪ್ಪಿದ್ದಾಳೆ ಎಂದು ನನಗೆ ಗೊತ್ತಾಯಿತು.

ಅವರೆಕಾಯಿ ಕಾಲದಲ್ಲಿ ದೊಡ್ಡ ಕ್ಯಾಂಪ್ ಬಂತು. ಕಾಲೇಜಿನ ಹುಡುಗಿಯರು, ಅವರ ಟೀಚರುಗಳು. ಹೆಂಗಸರ ಟೆಂಟಿನಲ್ಲಿ ಊರಿನ ಹೆಣ್ಣೊಬ್ಬಳು ಜೊತೆಗಿದ್ದರೆ ಧೈರ್ಯ ಎಂದರು ಮೇಡಂ. ನಾನು ಮಗಳನ್ನು ಕರೆದುಕೊಂಡು ಹೋದೆ. ಅವಳು ಅವರೆಕಾಳು ಹಿದುಕಿ, ನೀರು ಸೇದಿ, ಅಲ್ಲೇ ಮಲಗಿ ಎದ್ದಳು.

ಆ ಕ್ಯಾಂಪಿಗೆ ಒಬ್ಬ ಡಾಕ್ಟರು ಬಂದಿದ್ದರು. ಎಲ್ಲರೂ ಡಾಕ್ಟರ್ ಡಾಕ್ಟರ್ ಎನ್ನುತ್ತಿದ್ದರು. ನನಗೆ ಮಂಡಿನೋವು, ಹೋಗಿ ಕಾಲು ತೋರಿಸಿದೆ. ಅವರು ಗಾಬರಿಯಾಗಿ ಹಿಂದೆ ಸರಿದು, "ನಾನು ಗಿಡದ ಡಾಕ್ಟರಮ್ಮ" ಎಂದರು. ಗಿಡಕ್ಕೆ ಏನು ಕಾಯಿಲೆ ಬರುತ್ತದೋ! ಕೈಯಲ್ಲಿ ಯಾವಾಗಲೂ ಕತ್ತರಿ. ಎಲೆ, ಹೂವು, ಕಡ್ಡಿ ಕತ್ತರಿಸಿ ಪೇಪರಿನ ನಡುವೆ ಇಟ್ಟು ಮೇಲೆ ಕಲ್ಲು ಹೇರುತ್ತಿದ್ದರು.

ಇನ್ನಿಬ್ಬರು ಗಂಡಸರು ಹಕ್ಕಿ ಹಿಡಿಯುವವರು. ಮರದಿಂದ ಮರಕ್ಕೆ ಕೂದಲೆಳೆಯಂಥ ಬಲೆ ಕಟ್ಟಿದರು. ಹಕ್ಕಿ ಸಿಕ್ಕಿಕೊಂಡರೆ ಬಿಡಿಸಿ, ಬಟ್ಟೆ ಚೀಲಕ್ಕೆ ಹಾಕಿ, ತೂಕ ಮಾಡಿ, ರೆಕ್ಕೆ ಅಳೆದು, ಕಾಲಿಗೆ ಒಂದು ಸಣ್ಣ ಬಳೆ ತೊಡಿಸಿದರು. ತೂಕ ಮಾಡಿದ್ದು ನೋಡಿ ನಾನು ಸಾರಿಗೆ ಮಸಾಲೆ ಅರೆದು ಇಟ್ಟೆ. ಆಮೇಲೆ ನೋಡಿದರೆ ಎಲ್ಲವನ್ನೂ ಹಾರಿಬಿಟ್ಟಿದ್ದರು. ಅಷ್ಟು ಕಷ್ಟಪಟ್ಟು ಹಿಡಿದು, ಹಿಡಿದದ್ದನ್ನು ಬಿಡುವುದು ಯಾವ ಲೆಕ್ಕ ಎಂದು ಮಗಳನ್ನು ಕೇಳಿದೆ. "ಎಲ್ಲಿಗೆ ಓಗ್ತವೆ ಅಂತ ನೋಡಕ್ಕಂತೆ ಕಣವ್ವ" ಎಂದಳು. ನೋಡುವುದಕ್ಕೆ ಇವರೇನು ಹಿಂದೆ ಹಾರುತ್ತಾರಾ? ಮಸಾಲೆಯನ್ನು ಬದನೆಕಾಯಿಗೆ ಹಾಕಿದೆ.

ಕ್ಯಾಂಪ್ ಮುಗಿದ ದಿನ ಮೇಡಂ ಖುಷಿಯಾಗಿ ಮಗಳಿಗೆ ಒಂದು ಕೆಂಪು ಪ್ಲಾಸ್ಟಿಕ್ ಬಕೀಟು ಕೊಟ್ಟರು. ಆಗ ನಮ್ಮೂರಲ್ಲಿ ಪ್ಲಾಸ್ಟಿಕ್ ಬಕೀಟು ಯಾರ ಮನೆಯಲ್ಲೂ ಸುಮ್ಮನೆ ಇರುತ್ತಿರಲಿಲ್ಲ. ಅವಳು ಅದನ್ನು ತೂಗಾಡಿಸಿಕೊಂಡು ಊರ ಮಧ್ಯದಲ್ಲೇ ನಡೆದು ಮನೆಗೆ ಬಂದಳು.

ಸಂಕ್ರಾಂತಿಗೆ ಲಗ್ಗೆರೆಯಿಂದ ಯಾರೂ ಬರಲಿಲ್ಲ. ಎಳ್ಳಿಲ್ಲ, ಸೀರೆ ಇಲ್ಲ, ಬರುವುದಿಲ್ಲ ಎಂಬ ಮಾತೂ ಇಲ್ಲ. ಮಗಳು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡವಳು ಸಂಜೆಯವರೆಗೆ ಜಡೆ ಹಾಕದೆ ಕೂದಲು ಒಣಗಿಸುತ್ತಲೇ ಇದ್ದಳು. ಕಾಯಿಲೆಯೋ, ಸಾವೋ ಎಂದು ನನಗೆ ದಿಗಿಲಾಯಿತು. ರೈಲು ಹತ್ತಿ, ಸಿಟಿಯಲ್ಲಿ ಬಸ್ಸು ಹಿಡಿದು, ಕೇಳಿಕೊಂಡು ಕೇಳಿಕೊಂಡು ಲಗ್ಗೆರೆಗೆ ಹೋದೆ.

ಯಾರೂ ಸತ್ತಿರಲಿಲ್ಲ. ಸೋದರಮಾವ ಜಗುಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ಕೂರು ಎಂದ. ಹುಡುಗನ ತಾಯಿ ಬಾಗಿಲ ಹಿಂದೆ ನಿಂತವಳು ಹೊರಗೆ ಬರಲಿಲ್ಲ.

"ಅಬ್ಬಕ್ಕೆ ಬರ್ಲಿಲ್ವಲ್ಲ, ಯಾಕಣ್ಣ?" ಎಂದೆ.

"ಬರ್ಬೋದಾಗಿತ್ತು. ಉಡ್ಗಿ ಎಂಗವ್ಳೆ?"

"ಚೆಂದಾಗವ್ಳೆ."

"ಎದ್ದು ಓಡಾಡ್ತಾವ್ಳಾ?"

"ಓಡಾಡ್ದೆ ಏನಣ್ಣ? ಒಂದೆರಡು ದಿನ ಸೊಂಟ ನೋವು ಅಂತಿದ್ಲು, ಆಮ್ಯಾಕೆ ಸರಿ ಓಯ್ತು."

ಅವನು ಬಾಗಿಲ ಕಡೆ ನೋಡಿದ. "ಕ್ಯಾಂಪಿಗೆ ಓಗಿದ್ಲಂತೆ."

"ಊಂ."

"ಅಲ್ಲೇ ಮಲಗಿದ್ಲಂತೆ."

"ಎಂಗಸ್ರ ಟೆಂಟ್ನಾಗೆ. ಒಬ್ಳೇ ಅಲ್ಲಣ್ಣ, ಸುಮಾರು ಎಂಗಸ್ರಿದ್ರು, ಎಲ್ರುನೂ ಸಾಲಾಗಿ ಮಲಗ್ಸಿದ್ರು."

"ಡಾಕ್ಟ್ರೂ ಇದ್ರಾ?"

"ಇಲ್ದೆ? ಅವ್ರಿಗೆ ಬಂಗ್ಲೆ ಒಳಗೆ ಮಂಚ. ಭಾಳ ಒಳ್ಳೆ ಮನುಷ್ಯ. ಕತ್ರಿ ಇಡ್ಕಂಡ್ರೆ ಊಟದ ಗ್ಯಾನ ಇರಲ್ಲ."

ಬಾಗಿಲ ಹಿಂದೆ ಬಳೆಯಿಲ್ಲದ ಕೈ ಬಾಯಿ ಮುಚ್ಚಿಕೊಂಡಿದ್ದು ಕಂಡಿತು. ಯಾಕೆ ಎಂದು ತಿಳಿಯಲಿಲ್ಲ.

"ಇಡೀತಾರಂತೆ, ಅದೇನೋ ಮಾಡ್ತಾರಂತೆ, ಬಿಟ್ಬುಡ್ತಾರಂತೆ" ಎಂದ ಅವನು, ನನ್ನ ಮುಖ ನೋಡದೆ.

ಹಕ್ಕಿ ವಿಚಾರ ಇವರಿಗೂ ಗೊತ್ತಾಗಿದೆಯಲ್ಲ ಎಂದು ನನಗೆ ಆಶ್ಚರ್ಯವಾಯಿತು. "ಊಂ ಕಣಣ್ಣ. ನಾನೇ ಕಣ್ಣಾರೆ ನೋಡಿವ್ನಿ. ಒಂದ್ಕೂ ನೋವು ಮಾಡಲ್ಲ. ಬಿಟ್ಮೇಲೆ ಮೊದಲ್ನಂಗೇ ಇರ್ತವೆ."

"ಬಕೀಟು ಕೊಟ್ರಂತೆ?"

"ಕೆಂಪು ಬಕೀಟು. ಅವಳಿಗೆ ಕೊಟ್ರು, ನಂಗೇನೂ ಕೊಡ್ಲಿಲ್ಲ."

"ಈ ವಯಸ್ನಾಗೆ ನಿಂಗೂ ಬೇಕಿತ್ತಾ?" ಎಂದು ಅವನು ಬೀಡಿ ಎಸೆದು ಎದ್ದು ನಿಂತ. "ನೋಡಮ್ಮ, ನಂಗೆ ಮಾತು ಬೆಳೆಸೋಕೆ ಇಷ್ಟ ಇಲ್ಲ. ಎಲ್ಲ ಸರಿಯಾಗೈತೆ ಅಂತ ಸರ್ಟಿಫಿಕೇಟ್ ತಗಂಬಾ. ಶಿವರಾತ್ರಿ ಗಂಟ ಕಾಯ್ತೀವಿ. ಇಲ್ದಿದ್ರೆ ಉಡುಗುಂಗೆ ಬ್ಯಾರೆ ಕಡೆ ನೋಡ್ತೀವಿ."

"ಏಳ್ನೇ ಕ್ಲಾಸಿಂದು ಐತೆ. ಟ್ರಂಕ್ನಾಗೇ ಐತೆ, ತತ್ತೀನಿ" ಎಂದೆ.

ಅವನು ತಲೆ ಚಚ್ಚಿಕೊಂಡು ಒಳಗೆ ಹೋದ. ಹುಡುಗನ ತಾಯಿ ಕಾಫಿ ತಂದು ಮುಂದೆ ಇಟ್ಟಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ರೈಲಿನಲ್ಲಿ ಬರುವಾಗ ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಲೇತು ಕೆಲಸದವನಿಗೆ ಓದಿದ ಹುಡುಗಿ ಯಾಕೆ? ಬಕೀಟು ಅವರಿಗೆ ಬೇಕಾಗಿತ್ತಾ? ಬಂದವಳೇ ಟ್ರಂಕು ತೆಗೆದು ಸ್ಕೂಲಿನ ಕಾಗದ ಹುಡುಕಲು ಕೂತೆ. ಪಕ್ಕದ ಮನೆಯವಳು ಏನಾಯಿತೆಂದು ಕೇಳಲು ಬಂದಳು. ಅವಳ ನಾದಿನಿಯನ್ನು ಲಗ್ಗೆರೆಗೇ ಕೊಟ್ಟಿತ್ತು. ನಾನು ಅಲ್ಲಿ ಆಡಿದ್ದೆಲ್ಲ ಒಪ್ಪಿಸಿದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಯ್ಯೋ ನಿನ್ನ! ಎಲ್ಲದ್ಕೂ ಊಂ ಅಂದ್ಬುಟ್ಟು ಬಂದ್ಯಾ? ಅವ್ರು ಕೇಳಿದ್ದು ಆಪ್ರೇಸನ್ನು ಕಣೇ!"

ಆಗ ನನಗೆ ತಿಳಿಯಿತು. ತಿಳಿದ ಮೇಲೆ ಒಂದೊಂದು ಮಾತೂ ತಿರುಗಿ ಬಂದು ಬಡಿಯಿತು. ಸಾಲಾಗಿ ಮಲಗಿಸಿದರು ಎಂದಿದ್ದೆ. ಕತ್ತರಿ ಎಂದಿದ್ದೆ. ಸೊಂಟ ನೋವು ಎಂದಿದ್ದೆ.

"ಅವ್ರಿಗೆ ಯೇಳಿದ್ಯಾರು?" ಎಂದೆ.

"ನಮ್ಮ ನಾದ್ನಿ ಬಂದಿದ್ಲಲ್ಲ, ನಿನ್ ಮಗಳು ಎಲ್ಲಿ ಅಂದ್ಲು. ಕ್ಯಾಂಪಿಗೆ ಓಗವ್ಳೆ ಅಂದೆ. ಬಕೀಟು ಇಡ್ಕಂಡ್ ಬಂದಿದ್ದ ಅವ್ಳೇ ನೋಡುದ್ಲು. ನಾನೇನ್ ಸುಳ್ ಯೇಳಿದ್ನಾ?"

ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅದೇ ನನಗೆ ಬಗೆಹರಿಯಲಿಲ್ಲ. ಯಾರೂ ಸುಳ್ಳು ಹೇಳದೆ ನನ್ನ ಮಗಳು ಮದುವೆಗೆ ಮೊದಲೇ ಬಂಜೆಯಾಗಿ ಕೂತಿದ್ದಳು. ಈ ಸಂಬಂಧ ಮುರಿದರೆ ಇನ್ನೊಂದು ಬರುವ ಹಾಗಿರಲಿಲ್ಲ. ಯಾಕೆ ಮುರಿಯಿತು ಎಂದು ಮುಂದಿನವರು ಕೇಳಿಯೇ ಕೇಳುತ್ತಾರೆ.

ಮಗಳು ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಪಕ್ಕದ ಮನೆಯವಳು, "ದೊಡ್ಡಾಸ್ಪತ್ರೇಲಿ ತೋರ್ಸಿ ಒಂದು ಚೀಟಿ ಬರ್ಸ್ಕೊಂಡ್ ಬಂದ್ರಾಯ್ತು, ಅದ್ಕೇನಂತೆ" ಎಂದಳು.

"ನಾನೇನು ಸಂತೆ ದನಾನಾ, ಅಲ್ಲು ಬಾಲ ನೋಡಿ ಚೀಟಿ ಕೊಡಕ್ಕೆ?" ಎಂದಳು ಮಗಳು. "ಯಾವ್ ಆಸ್ಪತ್ರೆಗೂ ಬರಲ್ಲ. ಅವ್ರಿಗೆ ಬ್ಯಾಡಾದ್ರೆ ನಂಗೂ ಬ್ಯಾಡ." ಆ ಹೊತ್ತು ಮುದ್ದೆ ಕಟ್ಟಿ ನನಗೆ ಹಾಕಿದಳು, ತಾನು ಉಣ್ಣಲಿಲ್ಲ. ಬೇಡ ಎನ್ನುವವಳಾಗಿದ್ದರೆ ಉಣ್ಣುತ್ತಿದ್ದಳು.

ಮಾರನೆಯ ದಿನ ನಾನು ಮೇಡಂ ಹತ್ತಿರ ಹೋದೆ. ಅವರಿಗೆ ಬಿಡಿಸಿ ಹೇಳುವುದೇ ಕಷ್ಟವಾಯಿತು. ಮೊದಲು ಯಾರಿಗೋ ಹೊಟ್ಟೆನೋವು ಅಂದುಕೊಂಡರು. ಆಮೇಲೆ ಮಗಳಿಗೇ ಮದುವೆ ಇಷ್ಟವಿಲ್ಲ ಅಂದುಕೊಂಡು, ಹದಿನೆಂಟು ಮುಗಿದಿದೆಯಾ ಎಂದು ನನ್ನನ್ನೇ ಗದರಿದರು. ಕೊನೆಗೆ ಅರ್ಥವಾದಾಗ ಕಿವಿಯವರೆಗೂ ಕೆಂಪಾದರು.

"ಫ್ಯಾಮಿಲಿ ಪ್ಲಾನಿಂಗಾ? ನಾವಾ? ನಾವು ಹಕ್ಕಿಗಳು ಹೆಚ್ಚಾಗ್ಲಿ ಅಂತ ಅಲ್ವಾ ಇರೋದು!"

"ಆ ಮಾತೇ ಬ್ಯಾಡ ಮೇಡಂ. ಕ್ಯಾಂಪ್ ಅನ್ನೋದು ಬಿಟ್ಬುಡಿ. ಬ್ಯಾರೆ ಎಸ್ರು ಇಡಿ."

ಅವರಿಗೆ ಅದು ಸರಿ ಎನ್ನಿಸಿತು. ಒಳ್ಳೆಯ ಕನ್ನಡ ಪದ ಇಡುತ್ತೇನೆ ಎಂದು ಪೇಂಟರನ್ನು ಕರೆಸಿ, ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಶಿಬಿರ' ಎಂದು ಬರೆಸಿದರು. ನನಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಓದಿದೆ. ಎಲ್ಲೋ ಕಂಡ ಹಾಗಿತ್ತು. ಊರ ಚಾವಡಿ ಗೋಡೆಯ ಮೇಲೆ ಎಮರ್ಜೆನ್ಸಿಯಲ್ಲಿ ಗೇರುಬಣ್ಣದಲ್ಲಿ ಬರೆದಿದ್ದು ಇನ್ನೂ ಅಳಿಸಿರಲಿಲ್ಲ. ಸಂತಾನಹರಣ ಚಿಕಿತ್ಸಾ ಶಿಬಿರ. ಅದರ ಕೊನೆಯ ಪದ ಇದೇ. ಅಲ್ಲಿಯವರೆಗೆ ಬಂಗಲೆಗೆ ಸೌದೆ ತಂದುಹಾಕುತ್ತಿದ್ದ ಗಂಡಸರೂ ಬರುವುದು ಬಿಟ್ಟರು.

ಶಿವರಾತ್ರಿ ಹತ್ತಿರ ಬರುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಟೆಂಟು ಹೊಡೆಯುತ್ತಿದ್ದಾಗ ಗೇಟಿನಲ್ಲಿ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು. ಹುಡುಗನ ತಾಯಿ. ಒಬ್ಬಳೇ. ನಾನು ಕೈಯಲ್ಲಿದ್ದ ಸೌಟು ಸಮೇತ ಓಡಿದೆ.

"ಬಾ ಅಕ್ಕ, ಮನೆಗೋಗಣ ಬಾ" ಎಂದೆ.

"ಮನೆಗಲ್ಲ. ನಿಮ್ ಕ್ಯಾಂಪ್ ನೋಡಕ್ ಬಂದಿವ್ನಿ. ಯಾಕೆ, ನೋಡ್ಬಾರ್ದಾ?"

ಅಷ್ಟರಲ್ಲಿ ಮೇಡಂ ಬಂದರು. ಇವರು ಲಗ್ಗೆರೆಯವರು, ಕ್ಯಾಂಪಿಗೆ ಬಂದಿದ್ದಾರೆ ಎಂದೆ. ಬೀಗಿತಿ ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೂ ಬೀಗಿತಿಯೋ ಅಲ್ಲವೋ ಗೊತ್ತಿರಲಿಲ್ಲವಲ್ಲ. ಮೇಡಂ ಅವಳ ಎರಡೂ ಕೈ ಹಿಡಿದುಕೊಂಡರು. "ಲಗ್ಗೆರೆಯಿಂದಾನಾ? ಅಷ್ಟು ದೂರದಿಂದ ಒಬ್ಬರೇ ಹಕ್ಕಿ ನೋಡೋಕೆ ಬಂದ್ರಾ! ಹೆಂಗಸರ ಟೆಂಟಲ್ಲಿ ಇವರಿಗೊಂದು ಜಾಗ ಮಾಡಿ" ಎಂದು ಕೂಗಿ ಹೇಳಿ, ತಮ್ಮ ಕೊರಳಿನ ದುರ್ಬೀನು ತೆಗೆದು ಅವಳ ಕೊರಳಿಗೆ ಹಾಕಿದರು. ಅವಳು ನನ್ನ ಕಡೆ ನೋಡಿ, "ಅಕ್ಕಿಗೆ ಇದ್ಯಾಕೆ?" ಎಂದಳು.

ಅವಳು ದುರ್ಬೀನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದು ಟೆಂಟಿನ ಪರದೆಯನ್ನೂ ಎತ್ತಿ ನೋಡಿದಳು. ಬಂಗಲೆಯ ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಒಳಗೆ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಕತ್ತರಿ, ಚಿಮಟ, ಹತ್ತಿ, ದಾರ, ಸ್ಪಿರಿಟ್ಟಿನ ಬಾಟಲಿ. ಆ ಶನಿವಾರ ಗಿಡದ ಡಾಕ್ಟರೂ ಬಂದಿದ್ದರು, ಅವರ ಸಾಮಾನು. ಅವಳು ಬಾಟಲಿ ಮೂಸಿ ಕೆಳಗಿಟ್ಟಳು. "ಊಂ" ಎಂದಳು. ಗಿಡಕ್ಕೆ ಅಕ್ಕ, ಗಿಡಕ್ಕೆ, ಎಂದೆ. "ಗಿಡಕ್ಕೆ ಅತ್ತಿ ಒತ್ತುತಾರಾ?" ಎಂದಳು. ಯಾಕೆ ಒತ್ತುತ್ತಾರೋ ನನಗೇನು ಗೊತ್ತು?

ನನ್ನ ಮಗಳು ಅಂದು ಬಂಗಲೆಗೆ ನೀರು ತುಂಬಲು ಬಂದಿದ್ದಳು. ಭಾವೀ ಅತ್ತೆಯನ್ನು ಕಂಡು ಕಾಲಿಗೆ ಬಿದ್ದಳು, ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದಳು. ಸಂಜೆಗೆ ಹುಡುಗನ ತಾಯಿ ಹೊಸ ರಾಗ ತೆಗೆದಳು. ರೈಲಿನ ಮಸಿ ಮೈಯೆಲ್ಲ ಹತ್ತಿದೆ, ನೀರು ಕಾಯಿಸಿ, ಹುಡುಗಿ ಬೆನ್ನುಜ್ಜಲಿ ಎಂದಳು. ಬಚ್ಚಲಿಗೆ ಇಬ್ಬರೂ ಹೋದರು. ಬಹಳ ಹೊತ್ತಾದ ಮೇಲೆ ಮಗಳು ಸೀರೆ ಸುತ್ತಿಕೊಂಡು ಬುಸುಗುಟ್ಟುತ್ತಾ ಬಂದಳು.

"ನಿನ್ ಬೆನ್ನು ನಾನುಜ್ತೀನಿ ಬಾ ಅಂತ ನಂಗೂ ನೀರಾಕ್ಸಿ, ಒಟ್ಟೆ ಎಲ್ಲ ತಡವಿ ನೋಡುದ್ಲು ಕಣವ್ವ ಆಯಮ್ಮ! ದೀಪ ಅತ್ರ ತಗಂಬಾ ಅಂತ ಬ್ಯಾರೆ!"

"ಏನಂದ್ಲು?"

"ಸಣ್ಣಗಿದ್ದೀಯ, ತುಪ್ಪ ತಿನ್ನು ಅಂದ್ಲು."

ಹೊಲಿಗೆ ಗುರುತು ಇಲ್ಲ ಎಂದು ಅವಳಿಗೆ ಗೊತ್ತಾಯಿತು ಎಂದು ನನಗೆ ಸಮಾಧಾನವಾಯಿತು. ಆಸ್ಪತ್ರೆಗೆ ಬರುವುದಿಲ್ಲ ಎಂದ ಹುಡುಗಿಯನ್ನು ಬಚ್ಚಲಿನಲ್ಲೇ ನೋಡಿಬಿಟ್ಟಳು. ಹೋಗಲಿ, ಮುಗಿಯಿತಲ್ಲ. ಆದರೆ ಮದುವೆಯ ಮಾತೆತ್ತದೆ ಅವಳು ಊಟ ಮುಗಿಸಿದವಳೇ ಹೆಂಗಸರ ಟೆಂಟಿನಲ್ಲಿ ಕಾಲೇಜಿನ ಹುಡುಗಿಯರ ನಡುವೆ ಹೋಗಿ ಮಲಗಿಬಿಟ್ಟಳು. ಇವಳ ಮನಸ್ಸಿನಲ್ಲಿ ಇನ್ನೂ ಏನಿದೆ ಎಂದು ನನಗೆ ತಿಳಿಯಲಿಲ್ಲ.

ಬೆಳಗ್ಗೆ ಬಲೆಯಿಂದ ಹಕ್ಕಿ ಬಿಡಿಸಿ ತಂದರು. ಬಳೆ ತೊಡಿಸಿ, ಮೇಡಂ ಒಂದನ್ನು ಅವಳ ಅಂಗೈಯಲ್ಲಿ ಇಟ್ಟು, "ನೀವೇ ಬಿಡಿ" ಎಂದರು. ಅದು ಒಂದು ಕ್ಷಣ ಕೂತಿದ್ದು ಹಾರಿಹೋಯಿತು. ಅವಳು ಖಾಲಿ ಅಂಗೈ ನೋಡಿಕೊಂಡಳು.

"ಇಷ್ಟೇನಾ?"

"ಇಷ್ಟೇ ಅಕ್ಕ" ಎಂದೆ.

"ಬಳೆ ತೊಡ್ಸಿ ಕಳ್ಸಕ್ಕೆ ಇಷ್ಟೊಂದ್ ಜನಾನಾ? ನಾವು ಎಣ್ಮಕ್ಕಳಿಗೆ ಮಾಡೋದೂ ಇದೇ ಅಲ್ವಾ."

ಆಮೇಲೆ ಸುತ್ತ ನೋಡಿದಳು. ಗಿಡದ ಡಾಕ್ಟರು ಅಡುಗೆಮನೆಯ ಹಿಂದೆ ಒಂದು ಎಳೆ ಹಲಸಿನ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ತಿರುಗಿಸಿ ನೋಡುತ್ತಿದ್ದರು. ಇವಳು ನನ್ನ ಮಗಳ ತೋಳು ಹಿಡಿದು ಎಳೆದುಕೊಂಡು ಹೋಗಿ ಗಿಡದ ಪಕ್ಕದಲ್ಲಿ ನಿಲ್ಲಿಸಿದಳು. ಕ್ಯಾಂಪಿನವರೆಲ್ಲ ಚಹಾ ಲೋಟ ಹಿಡಿದು ಅಲ್ಲೇ ಇದ್ದರು.

"ಡಾಕ್ಟ್ರೇ, ಮುಚ್ಚುಮರೆ ಬ್ಯಾಡ. ಎಲ್ರ ಮುಂದೇನೇ ಯೇಳಿ. ಇದು ಫಲ ಬಿಡ್ತದೋ ಇಲ್ವೋ?"

ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಇದು, ಅದು ಎಂದೇ ಕರೆಯುವುದು. ಡಾಕ್ಟರು ಗಿಡದಿಂದ ಕಣ್ಣು ತೆಗೆಯಲಿಲ್ಲ.

"ಬಿಡದೆ ಏನಮ್ಮ? ಒಳ್ಳೆ ಜಾತಿ. ಇನ್ನೂ ಎಳೇದು. ಎರಡು ವರ್ಷ ತಡೀರಿ, ಆಮೇಲೆ ನೀವೇ ಸಾಕು ಅಂತೀರ."

"ಇದಕ್ಕೆ ಕತ್ರಿ ಗಿತ್ರಿ ತಾಗ್ಸಿಲ್ಲ ತಾನೆ?"

"ಕತ್ರಿನಾ? ನಾನಿರೋವಾಗ ಯಾರು ತಾಗಿಸ್ತಾರೆ ನೋಡ್ತೀನಿ! ಇದನ್ನ ಮುಟ್ಟೋಕೂ ನಾನು ಬಿಟ್ಟಿಲ್ಲ."

ನನ್ನ ಮಗಳು ಸೆರಗು ಬಾಯಿಗೆ ತುರುಕಿಕೊಂಡು ಕೆರೆಯ ಕಡೆ ಓಡಿದಳು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಹುಡುಗನ ತಾಯಿ ಕೈ ಮುಗಿದಳು. ಡಾಕ್ಟರು ಕೂತಲ್ಲಿಂದಲೇ ತಾವೂ ಕೈ ಮುಗಿದರು.

ಮಧ್ಯಾಹ್ನದ ರೈಲಿಗೆ ಅವಳನ್ನು ಕಳಿಸಲು ನಾನೂ ಮಗಳೂ ನೀಲಗಿರಿ ತೋಪಿನಲ್ಲಿ ನಡೆದೆವು. ಹೇಳಲೋ ಬಿಡಲೋ, ಹೇಳಿದರೆ ಏನಾಗುತ್ತದೋ, ಬಿಟ್ಟರೆ ಮುಂದೆ ಏನಾಗುತ್ತದೋ. ಮಗಳು ಮುಂದೆ ಹೋಗುತ್ತಿದ್ದವಳು ನಿಂತು ತಿರುಗಿದಳು.

"ಅತ್ತೆ, ಡಾಕ್ಟ್ರು ಯೇಳಿದ್ದು ಅಲಸಿನ ಗಿಡದ ಮಾತು. ನನ್ ಮಾತಲ್ಲ. ಆಮ್ಯಾಕೆ ಮೋಸ ಮಾಡಿದ್ರು ಅಂತ ಯಾರೂ ಅನ್ಬಾರ್ದು."

ನಾನು ಅಲ್ಲೇ ನಿಂತುಬಿಟ್ಟೆ. ಹುಡುಗನ ತಾಯಿ ಮಾತ್ರ ನಡಿಗೆ ನಿಲ್ಲಿಸಲಿಲ್ಲ.

"ಅದು ನಂಗೆ ಕಾಣಲ್ವೇನಮ್ಮಿ? ನಾನೇನು ಕುರುಡೀನಾ? ಅವನು ತಲೆ ಎತ್ತಿ ನಿನ್ನ ನೋಡ್ಲೇ ಇಲ್ಲ."

"ಮತ್ತೆ ಯಾಕೆ ಕೇಳಿದ್ರಿ?"

"ನನ್ ಕಣ್ಣಿಗೆ ಬಚ್ಚಲಲ್ಲೇ ಸಾಕಾಯ್ತು. ನನ್ ತಮ್ಮಂಗೆ ಎಂಗಸ್ರ ಕಣ್ಣು ಸಾಕಾಗಲ್ಲ, ಡಾಕ್ಟ್ರ ಬಾಯೇ ಬೇಕು. ಅವ್ನ ಬಾಯಿಂದ ಬಂದಿದ್ದ ಅಷ್ಟು ಜನ ಕೇಳವ್ರೆ. ಅದನ್ನ ಅಂಗೇ ಎತ್ಕಂಡೋಗಿ ನನ್ ತಮ್ಮನ ಮುಂದೆ ಇಡ್ತೀನಿ. ನಾನೇನ್ ಸುಳ್ ಯೇಳ್ತೀನಾ?"

"ಗಿಡದ ಡಾಕ್ಟ್ರು ಅಂತ ಗೊತ್ತಾದ್ರೆ?"

"ಅವನು ಕೇಳಿದ್ರೆ ತಾನೆ? ಡಾಕ್ಟ್ರು ಅಂದ್ಮೇಲೆ ಯಾತರ ಡಾಕ್ಟ್ರು ಅಂತ ಯಾವನಾದ್ರೂ ಕೇಳ್ತಾನಾ?" ಎಂದವಳು, ಮಗಳ ಜಡೆ ಹಿಡಿದು ಒಂದು ಸಲ ಎಳೆದಳು. "ಮುಖ ಸರಿಯಾಗಿ ಇಡು. ಮಾಂಗಲ್ಯದ ಒತ್ನಲ್ಲೂ ಇಂಗೇ ಉಬ್ಬುಸ್ಕಂಡಿರ್ತೀಯಾ?"

ಶಿವರಾತ್ರಿ ಕಳೆದ ಮೇಲೆ ಮದುವೆಯಾಯಿತು. ಲಗ್ಗೆರೆಯಲ್ಲಿ ಅವರ ಮನೆಯ ಮುಂದೆಯೇ ಚಪ್ಪರ. ಮೇಡಂ ಬೂಟು ಬಿಟ್ಟು ಚಪ್ಪಲಿ ಹಾಕಿಕೊಂಡು ಬಂದಿದ್ದರು. ಗಿಡದ ಡಾಕ್ಟರೂ ಬಂದರು, ಅವರನ್ನು ಕರೆದುಕೊಂಡು ಬರಲೇಬೇಕೆಂದು ಹುಡುಗನ ಸೋದರಮಾವ ಹೇಳಿಕಳಿಸಿದ್ದ. ಪಂಕ್ತಿಯಲ್ಲಿ ಅವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ತಾನೇ ಎಲೆಗೆ ತುಪ್ಪ ಹಾಕಿಸಿದ. ನಾನು ಪಾಯಸದ ಪಾತ್ರೆ ಹಿಡಿದು ಹಿಂದೆಯೇ ನಿಂತಿದ್ದೆ.

"ನಿಮ್ ಮಾತಿನ ಮೇಲೆ ಈ ಮದ್ವೆ ಮಾಡಿವ್ನಿ ಡಾಕ್ಟ್ರೇ" ಎಂದ ಅವನು.

ಡಾಕ್ಟರು ಅವನ ಮುಖ ನೋಡಿದರು. ಏನೋ ನೆನಪು ಮಾಡಿಕೊಳ್ಳಲು ನೋಡಿದರು. "ಸಂತೋಷ, ಬಹಳ ಸಂತೋಷ" ಎಂದರು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ, "ಯಾವ ಮಾತಮ್ಮ?" ಎಂದು ಕೇಳಿದರು.

"ಪಾಯಸ ಆಕುಸ್ಕಳಿ ಸಾರ್" ಎಂದೆ.